ಕೆಂಪು ಶಾಯಿಯಲ್ಲಿ ಬರೆದ ಹುಟ್ಟುದಿನ

"ದಾಖಲಾತಿ ಪುಸ್ತಕ ಶಾಲೇಲಿ ಇಲ್ಲ," ಎಂದರು ಹೆಡ್‌ಮಾಸ್ಟರ್ ಶ್ರೀಕೃಷ್ಣ ಹೆಗಡೆ. "ಬಿಇಒ ಆಫೀಸಿಗೆ ಹೋಗಿದೆ. ವಾಪಸ್ ಬರೋದಕ್ಕೆ ಇನ್ನೊಂದು ವಾರ ಆಗ್ಬಹುದು."

ಯಮುನಮ್ಮ ಬಂದಿದ್ದು ಸಾಗರದ ಕಾನೂನು ಸೇವಾ ಸಮಿತಿಯಿಂದ. ಚೀಲದಿಂದ ಬಾಲನ್ಯಾಯ ಮಂಡಳಿಯ ಆದೇಶ ತೆಗೆದು, ಮಡಿಕೆ ಬಿಡಿಸಿ, ಹೆಗಡೆಯವರಿಗೆ ಓದಲು ಬರುವಂತೆ ಮೇಜಿನ ಮೇಲೆ ತಿರುಗಿಸಿಟ್ಟರು. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೂಲ ಪುಸ್ತಕದೊಂದಿಗೆ ಮುಖ್ಯೋಪಾಧ್ಯಾಯರು ಖುದ್ದು ಹಾಜರಾಗತಕ್ಕದ್ದು ಎಂಬ ಸಾಲಿನ ಮೇಲೆ ಬೆರಳಿಟ್ಟರು.

"ಅಂಚೇಲಿ ಇದರದ್ದೇ ಪ್ರತಿ ಬಂದು ಒಂಬತ್ತು ದಿನ ಆಯ್ತು ಹೆಗಡೇರೆ. ತಲುಪಿದ್ದಕ್ಕೆ ನಿಮ್ಮ ಸಹಿ ಇರೋ ಕಾರ್ಡೂ ವಾಪಸ್ ಬಂದಿದೆ. ಅದಕ್ಕೇ ಈ ಸಲ ಮಂಡಳಿ ಅನುಮತಿ ತಗೊಂಡು ಕೈಯಾರೆ ಕೊಡೋಕೆ ಬಂದೆ."

ತೀರ್ಥಹಳ್ಳಿಯ ವಸತಿಗೃಹದ ಮಾಲೀಕ ಮಂಜುನಾಥಪ್ಪ ಹಿಂಬದಿಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಇಪ್ಪತ್ತು ದಿನವಾಗಿತ್ತು; ತಳ್ಳಿದವಳು ನಾನೇ ಎಂದು ಅಲ್ಲಿ ಕೆಲಸಕ್ಕಿದ್ದ ಭವ್ಯಾ ಪೊಲೀಸರ ಮುಂದೆ ಹೇಳಿದ್ದಳು; ಆ ದಿನ ಅವಳಿಗೆ ಹದಿನೆಂಟು ತುಂಬಿತ್ತೋ ಇಲ್ಲವೋ ಎಂಬುದನ್ನು ಹೇಳಬಲ್ಲ ಒಂದೇ ಪುಸ್ತಕ ಹೊಸನಗರ ತಾಲೂಕಿನ ಈ ಹೊನ್ನೆಬೈಲು ಪ್ರೌಢಶಾಲೆಯಲ್ಲಿತ್ತು.

ಬೇರೆ ದಾಖಲೆ ಇರಲಿಲ್ಲ. ಹುಡುಗಿ ಮನೆಯಲ್ಲೇ ಹುಟ್ಟಿದವಳು, ಪಂಚಾಯಿತಿಯಲ್ಲಿ ನೋಂದಣಿಯಾಗಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಇಲ್ಲ. ಶಾಲೆ ಕೊಟ್ಟ ಪ್ರಮಾಣಪತ್ರದ ಪ್ರಕಾರ ಅವಳಿಗೆ ಹದಿನೇಳು ವರ್ಷ ಒಂಬತ್ತು ತಿಂಗಳು. ಸತ್ತವನ ತಮ್ಮ ರಾಜೇಂದ್ರ ಅದನ್ನು ಒಪ್ಪದೆ ತಕರಾರು ಸಲ್ಲಿಸಿದ್ದ. ಆಧಾರ್ ಕಾರ್ಡಿನಲ್ಲಿ ಅವಳು ಹುಟ್ಟಿದ್ದು ಎರಡು ಸಾವಿರದ ಏಳರ ಜನವರಿ ಒಂದು, ಇವಳು ಮಗುವೇ ಅಲ್ಲ, ಜೈಲಿಗೆ ಕಳಿಸಿ ಎಂದು ಅವನ ವಾದ. ಆಧಾರ್ ವಯಸ್ಸಿನ ಪುರಾವೆಯಲ್ಲ, ಮೂಲ ಪುಸ್ತಕ ಬರಲಿ ಎಂದಿತ್ತು ಮಂಡಳಿ.

ಆ ಪುಸ್ತಕವನ್ನೇ ಈ ಮನುಷ್ಯ ಮುಚ್ಚಿಡುತ್ತಿದ್ದಾನೆ. ರಾಜೇಂದ್ರ ಇವನನ್ನು ಕೊಂಡಿದ್ದಾನೆ ಎಂದು ಯಮುನಮ್ಮನಿಗೆ ಖಾತ್ರಿಯಾಗಿತ್ತು.

"ಸರಿ," ಎಂದರು ಯಮುನಮ್ಮ. "ರವಾನೆ ವಹಿ ಕೊಡಿ, ನೋಡ್ತೀನಿ."

"ಯಾವುದು?"

"ಪುಸ್ತಕ ಬಿಇಒ ಆಫೀಸಿಗೆ ಹೋಗಿದ್ರೆ ರವಾನೆ ವಹಿಯಲ್ಲಿ ಒಂದು ಸಾಲು ಇರ್ಬೇಕಲ್ಲ. ಯಾವ ತಾರೀಕು, ಯಾರ ಕೈಲಿ ಕಳ್ಸಿದ್ರಿ, ಯಾರು ಸಹಿ ಹಾಕಿ ತಗೊಂಡ್ರು. ನಾನು ಮೂವತ್ತೊಂದು ವರ್ಷ ಪೊಲೀಸ್ ಸ್ಟೇಷನ್ನಲ್ಲಿ ರೈಟರ್ ಆಗಿದ್ದೋಳು. ಇಂಥ ವಹಿ ಬರೆಯೋದೇ ನನ್ನ ಕೆಲಸ ಆಗಿತ್ತು."

ಹೆಗಡೆಯವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಹೊರಗೆ ಮೈದಾನದಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದರು. ಪಿಟಿ ಮೇಷ್ಟ್ರ ಸೀಟಿ ಕಿಟಕಿಯಿಂದ ಒಳಗೆ ಬಂತು.

ಅವರ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಮಹಾಲಕ್ಷ್ಮೀ ಎಂಬ ಹೆಸರು. ಹೆಗಡೆಯವರು ಮುಖ ಪಕ್ಕಕ್ಕೆ ತಿರುಗಿಸಿ, ಮನೆಯ ಹವ್ಯಕ ಮಾತಿನಲ್ಲಿ, "ಇಲ್ಲೆ, ಊಟಕ್ಕೆ ಬಪ್ಪಲೆ ಆಗ್ತಿಲ್ಲೆ. ನೀ ಉಣ್ಣು. ಆಮೇಲೆ ಹೇಳ್ತಿ," ಎಂದು ಇಟ್ಟುಬಿಟ್ಟರು. ಹೆಂಡತಿಯೊಂದಿಗೆ ಆಡಿದ ಆ ನಾಲ್ಕು ಮಾತಿನಲ್ಲೇ ಅವರ ದನಿ ಒಡೆದಿತ್ತು.

"ಮನೆಯವ್ರಿಗೂ ಹೇಳಿಲ್ಲ ಅಂತಾಯ್ತು," ಎಂದರು ಯಮುನಮ್ಮ ಮೆಲ್ಲಗೆ.

ಹೆಗಡೆಯವರು ಎದ್ದರು. ಸೊಂಟದ ಬೀಗದ ಕೈ ತೆಗೆದು ಹಿಂದಿನ ಕಬ್ಬಿಣದ ಕಪಾಟನ್ನು ತೆರೆದರು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನ ಅಡಿಯಿಂದ, ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕವೊಂದನ್ನು ಎಳೆದು ಮೇಜಿನ ಮೇಲಿಟ್ಟರು.

"ನೀವೇ ತೆಗೀರಿ," ಎಂದರು ಯಮುನಮ್ಮ. "ನಾನು ಮುಟ್ಟೋದಿಲ್ಲ. ನಾಳೆ ಯಾರೂ ಯಮುನಮ್ಮ ಪುಟ ತಿರುವಿದ್ಲು, ತಿದ್ದಿದ್ಲು ಅನ್ನಬಾರ್ದು."

ಪುಟಗಳು ಮಗುಚಿದವು. ಹೆಗಡೆಯವರ ಬೆರಳು ಒಂದು ಸಾಲಿನ ಪಕ್ಕ ನಿಂತಿತು.

ದಾಖಲಾತಿ ಸಂಖ್ಯೆ 1147. ಭವ್ಯಾ. ಎಂಟನೇ ತರಗತಿ. ಪೋಷಕರ ಕಾಲಂನಲ್ಲಿ ಅಜ್ಜಿ ಹಾಲಮ್ಮನ ಹೆಬ್ಬೆಟ್ಟು. ಹುಟ್ಟಿದ ದಿನಾಂಕದ ಕಾಲಂನಲ್ಲಿ ಫೆಬ್ರುವರಿ ಹದಿನಾಲ್ಕು ಎಂಬುದು ನೀಲಿ ಶಾಯಿಯಲ್ಲಿ ಹಾಗೇ ಇತ್ತು. ಇಸವಿ ಮಾತ್ರ ಕೆಂಪಾಗಿತ್ತು.

ಯಮುನಮ್ಮ ಬಗ್ಗಿ ನೋಡಿದರು. ಎಂಟನ್ನು ಹೊಡೆದು ಏಳು ಮಾಡಿರುತ್ತಾರೆ ಎಂದು ಸಾಗರದಿಂದ ಹೊರಟಾಗಿನಿಂದ ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಬಸ್ಸಿನಲ್ಲಿ ಕೂತು, ಹೆಗಡೆಗೆ ಏನೇನು ಕೇಳಬೇಕು ಎಂದು ಸಾಲು ಸಾಲಾಗಿ ಜೋಡಿಸಿಕೊಂಡಿದ್ದರು.

ಹೊಡೆದದ್ದು ಏಳನ್ನು. ಅದರ ಮೇಲೆ ಕೆಂಪಿನಲ್ಲಿ ಬರೆದದ್ದು ಎಂಟು. ಅಕ್ಷರದಲ್ಲಿ ಬರೆದ ಕಡೆಯೂ ಹಾಗೆಯೇ: 'ಎರಡು ಸಾವಿರದ ಏಳು' ಎಂಬುದರಲ್ಲಿ ಕೊನೆಯ ಪದಕ್ಕೆ ಗೆರೆ, ಮೇಲೆ 'ಎಂಟು'.

ಅಂದರೆ ಹುಡುಗಿಯನ್ನು ದೊಡ್ಡವಳನ್ನಾಗಿ ಮಾಡಿರಲಿಲ್ಲ. ಚಿಕ್ಕವಳನ್ನಾಗಿ ಮಾಡಿದ್ದರು. ನಿಜವಾದ ಲೆಕ್ಕದಲ್ಲಿ ಅವಳಿಗೆ ಹದಿನೆಂಟು ದಾಟಿ ಒಂಬತ್ತು ತಿಂಗಳಾಗಿತ್ತು.

ಯಮುನಮ್ಮನಿಗೆ, ತಾವು ಉಳಿಸಲು ಓಡಾಡುತ್ತಿದ್ದ ಹುಡುಗಿಯ ಕಾಲ ಕೆಳಗಿನ ಹಲಗೆಯನ್ನು ತಾವೇ ಎಳೆದಂತಾಗಿತ್ತು.

ನಿವೃತ್ತಿಯಾದ ಮೇಲೆ ಸಾಗರದ ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿಯಾಗಲು ಆಕೆಗೆ ಒಂದೇ ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ, ಕಳ್ಳತನದ ಆರೋಪದಲ್ಲಿ ಹಿಡಿದು ತಂದ ಹದಿನಾರರ ಹುಡುಗಿಯೊಬ್ಬಳ ವಯಸ್ಸಿನ ಕಾಲಂನಲ್ಲಿ, ಸಾಹೇಬರು ಹೇಳಿದರೆಂದು, ಹತ್ತೊಂಬತ್ತು ಎಂದು ಬರೆದಿದ್ದರು. ಆ ಒಂದು ಅಂಕಿಯ ಮೇಲೆ ಆ ಹುಡುಗಿ ಹೆಂಗಸರ ಜೈಲಿನಲ್ಲಿ ಎರಡು ವರ್ಷ ಇದ್ದಳು. ಹೊರಗೆ ಬಂದಾಗ ಮಾತಾಡುವುದನ್ನೇ ಬಿಟ್ಟಿದ್ದಳು.

ಭವ್ಯಾಳ ವಿಷಯದಲ್ಲಿ ಮತ್ತೆ ಹಾಗಾಗಬಾರದು ಎಂದು ಆಕೆ ಹಟ ಹಿಡಿದಿದ್ದರು. ಹುಡುಗಿಯನ್ನು ಠಾಣೆಯಲ್ಲಿ ಇಡೀ ರಾತ್ರಿ ಕೂರಿಸಿದ್ದು, ವಕೀಲರಿಲ್ಲದೆ, ಮನೆಯವರಿಲ್ಲದೆ ಹೇಳಿಕೆ ಬರೆಸಿದ್ದು, ಮಕ್ಕಳ ವಿಷಯ ನೋಡಬೇಕಾದ ಅಧಿಕಾರಿ ಬರುವ ಮೊದಲೇ ಸಹಿ ಹಾಕಿಸಿದ್ದು, ಎಲ್ಲವನ್ನೂ ಗಂಟೆ ನಿಮಿಷದ ಸಮೇತ ಪಟ್ಟಿ ಮಾಡಿ ವಕೀಲೆ ನವ್ಯಾಳ ಕೈಗೆ ಕೊಟ್ಟಿದ್ದರು. ಆ ಪಟ್ಟಿಗೆ ಬಲ ಬರುತ್ತಿದ್ದದ್ದು ಹುಡುಗಿ ಹದಿನೆಂಟರ ಒಳಗಿದ್ದಾಳೆ ಎಂಬುದರಿಂದ.

ಕೆಂಪು ಶಾಯಿಯ ಪಕ್ಕ, ಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಟಿಪ್ಪಣಿ ಇತ್ತು. ಸಿವಿಲ್ ನ್ಯಾಯಾಲಯದ ಆದೇಶದ ಮೇರೆಗೆ ತಿದ್ದಲಾಗಿದೆ. ದಾವೆಯ ಸಂಖ್ಯೆ. ಕೆಳಗೆ ಹೆಗಡೆಯವರ ಚಿಕ್ಕ ಸಹಿ, ದಿನಾಂಕ.

ಯಮುನಮ್ಮ ದಿನಾಂಕವನ್ನು ಓದಿದರು. ಮತ್ತೊಮ್ಮೆ ಓದಿದರು.

"ಹೆಗಡೇರೆ, ಈ ತಾರೀಕು ಸರಿಯಾಗಿದ್ಯಾ? ನವೆಂಬರ್ ನಾಲ್ಕು?"

"ಹೌದು."

"ಮಂಜುನಾಥಪ್ಪ ಸತ್ತಿದ್ದು ನವೆಂಬರ್ ಇಪ್ಪತ್ತೇಳು."

"ಹೌದು," ಎಂದರು ಹೆಗಡೆ. ಕುರ್ಚಿಯಲ್ಲಿ ಕೂತದ್ದು ಕುಸಿದ ಹಾಗಿತ್ತು. "ಅದಕ್ಕೇ ನಂಗೆ ನಿದ್ದೆ ಬರ್ತಿಲ್ಲ ಯಮುನಮ್ಮನವ್ರೆ. ಪೇಪರಲ್ಲಿ ಹುಡುಗಿ ಹೆಸರು ಹಾಕಿರ್ಲಿಲ್ಲ, ಅಪ್ರಾಪ್ತೆ ಅಂತ ಬರ್ದಿದ್ರು. ಊರಲ್ಲಿ ಹೆಸರು ತಿಳಿದ ದಿನವೇ ಪುಸ್ತಕ ತೆಗೆದು ನೋಡ್ದೆ. ಆಮೇಲೆ ಅಡಗಿಸಿಟ್ಟೆ."

ಇಪ್ಪತ್ತಮೂರು ದಿನ. ಕೊಲೆಗೆ ಇಪ್ಪತ್ತಮೂರು ದಿನ ಮೊದಲೇ ಯಾರೋ ಇಲ್ಲಿಗೆ ಬಂದು ಆ ಹುಡುಗಿಯ ವಯಸ್ಸನ್ನು ಒಂದು ವರ್ಷ ಇಳಿಸಿಕೊಂಡು ಹೋಗಿದ್ದರು.

"ಕೋರ್ಟಿನ ಆದೇಶ ಎಲ್ಲಿ?"

ಹೆಗಡೆಯವರು ಕಡತದಿಂದ ಎರಡು ಹಾಳೆ ತೆಗೆದರು. ನೋಡಲು ಎಲ್ಲ ಸರಿಯಾಗೇ ಇತ್ತು: ಮೇಲೆ ನ್ಯಾಯಾಲಯದ ಹೆಸರು, ಕೆಳಗೆ ನೇರಳೆ ಬಣ್ಣದ ಮೊಹರು. ಯಮುನಮ್ಮ ಮೊಬೈಲಿನಲ್ಲಿ ಫೋಟೊ ತೆಗೆದು ನವ್ಯಾಳಿಗೆ ಕಳಿಸಿ, ಕರೆ ಮಾಡಿ, ದಾವೆಯ ಸಂಖ್ಯೆಯನ್ನು ಮಾತ್ರ ಓದಿ ಹೇಳಿದರು.

"ಒಂದು ನಿಮಿಷ ಇರಿ ಯಮುನಕ್ಕ, ಕೋರ್ಟಿನ ಆ್ಯಪಲ್ಲೇ ಬರುತ್ತೆ," ಎಂದಳು ನವ್ಯಾ. ಮೂವತ್ತು ದಾಟದ ವಕೀಲೆ, ಸಾಗರದವಳು, ಅವಸರದ ಮಾತು. ಕಾನೂನು ಸೇವಾ ಸಮಿತಿ ಭವ್ಯಾಳ ಪರವಾಗಿ ಅವಳನ್ನು ನೇಮಿಸಿತ್ತು. ದಾವೆಯ ಸಂಖ್ಯೆಯನ್ನು ಮತ್ತೊಮ್ಮೆ ಹೇಳಿಸಿಕೊಂಡಳು. "ಅಕ್ಕ, ಆ ನಂಬರಿನ ದಾವೆ ಇಬ್ಬರು ಅಣ್ಣತಮ್ಮಂದಿರ ಬೇಲಿ ಜಗಳದ್ದು. ಇನ್ನೂ ನಡೀತಾ ಇದೆ. ಹುಟ್ಟಿದ ದಿನಾಂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈ ಆದೇಶ ಯಾವ ಕೋರ್ಟೂ ಕೊಟ್ಟಿದ್ದಲ್ಲ."

"ಸುಳ್ಳು ಆದೇಶ."

"ಸುಳ್ಳು ಆದೇಶ," ಎಂದಳು ನವ್ಯಾ. "ಯಾರು ತಂದ್ಕೊಟ್ರಂತೆ?"

"ಕೇಳ್ತೀನಿ. ಆಮೇಲೆ ಫೋನ್ ಮಾಡ್ತೀನಿ."

ಹೆಗಡೆಯವರಿಗೆ ಅರ್ಧ ಮಾತು ಕೇಳಿಸಿತ್ತು, ಉಳಿದರ್ಧ ಊಹೆಯಾಗಿತ್ತು. "ಮೊಹರು ಇತ್ತು," ಎಂದರು. "ಕೋರ್ಟಿನ ಮೊಹರು ನೋಡಿದ ಮೇಲೆ ನಾನ್ಯಾರು ಪ್ರಶ್ನೆ ಮಾಡೋಕೆ? ತಿದ್ದದೆ ಇದ್ರೆ ಕೋರ್ಟಿನ ಮಾತು ಮೀರಿದ ಹಾಗೆ ಅಂದ್ರು."

"ಯಾರು ಅಂದ್ರು?"

"ಹುಡುಗಿ ಕಡೆಯವ್ರು."

"ಹುಡುಗಿ ಕಡೆಗೆ ಅಜ್ಜಿ ಬಿಟ್ರೆ ಯಾರೂ ಇಲ್ಲ. ಹಾಲಮ್ಮನಿಗೆ ಎರಡು ವರ್ಷದಿಂದ ಕಣ್ಣು ಕಾಣಲ್ಲ. ಮೆಟ್ಟಿಲು ಇಳಿಯೋಕೂ ಕೈ ಹಿಡಿಬೇಕು."

"ಹುಡುಗಿಯೂ ಬಂದಿದ್ಲು."

ಯಮುನಮ್ಮ ಕಣ್ಣು ಎವೆಯಿಕ್ಕದೆ ನೋಡಿದರು. "ಭವ್ಯಾ ಬಂದಿದ್ಲಾ? ಇಲ್ಲಿಗೆ?"

"ಹೊರಗೆ ಜಗುಲಿ ಮೇಲೆ ಕೂತಿದ್ಲು. ಒಳಗೆ ಬಾ ಅಂದೆ, ಬರ್ಲಿಲ್ಲ. ನನ್ನ ವಿದ್ಯಾರ್ಥಿನಿ, ಆದ್ರೂ ತಲೆ ಎತ್ತಿ ನೋಡ್ಲಿಲ್ಲ. ನಾಚಿಕೆ ಇರ್ಬೇಕು ಅಂದ್ಕೊಂಡೆ."

ಆರೋಪ ಹೊತ್ತ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿ ಭೇಟಿಯಾದ ದಿನ ಭವ್ಯಾ ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ಕೊನೆಗೆ, ಎದ್ದು ಹೋಗುವಾಗ, ತಾನೇ ಒಂದು ಪ್ರಶ್ನೆ ಕೇಳಿದ್ದಳು. ಮೂರು ವರ್ಷ ಅಂದ್ರೆ ಮೂರೇ ವರ್ಷನಾ ಆಂಟಿ, ಆಮೇಲೆ ಹೆಸರು ಎಲ್ಲೂ ಇರಲ್ವಾ? ಹುಡುಗಿ ಭಯಕ್ಕೆ ಕೇಳುತ್ತಿದ್ದಾಳೆ ಎಂದು ಯಮುನಮ್ಮ ಅಂದುಕೊಂಡಿದ್ದರು. ಅದು ಭಯವಾಗಿರಲಿಲ್ಲ. ಯಾರೋ ಕೊಟ್ಟ ಮಾತನ್ನು ಅವಳು ತಾಳೆ ನೋಡುತ್ತಿದ್ದಳು.

"ಹೆಗಡೇರೆ, ನೋಡಿ," ಎಂದರು ಯಮುನಮ್ಮ. ದನಿ ಏರಿಸಲಿಲ್ಲ. "ಆ ಹುಡುಗಿಗೆ ಯಾರೋ ಹೇಳಿಕೊಟ್ಟಿದಾರೆ. ನೀನು ಒಪ್ಕೋ, ನಿಂಗೆ ಹದಿನೆಂಟಾಗಿಲ್ಲ, ಮೂರು ವರ್ಷದಲ್ಲಿ ಹೊರಗೆ ಬರ್ತೀಯ ಅಂತ. ಕೊಲೆ ಅಂತಾದ್ರೆ ಹದಿನೇಳರ ಮಕ್ಕಳನ್ನೂ ದೊಡ್ಡವ್ರ ಹಾಗೆ ವಿಚಾರಣೆಗೆ ಕಳಿಸ್ಬಹುದು, ಅದನ್ನ ಹೇಳಿಲ್ಲ. ಈ ತಿದ್ದುಪಡಿ ಸುಳ್ಳು ಅಂತ ಗೊತ್ತಾದ್ರೆ ಅವಳಿಗೆ ಆ ರಕ್ಷಣೆಯೂ ಇಲ್ಲ. ನಾಳೆ ಹನ್ನೊಂದು ಗಂಟೆಗೆ ಪುಸ್ತಕ ತೆರೆದ್ರೆ ಅವಳು ಎರಡೂ ಕಡೆಯಿಂದ ಸಿಕ್ಕಿಬೀಳ್ತಾಳೆ. ನಿಮ್ಮ ಕೆಲಸ ಹೋಗ್ಬಹುದು ಅಂತ ನೀವು ಹೆದರ್ತಿದೀರಿ. ನಾನು ಅದನ್ನ ಇಲ್ಲ ಅನ್ನಲ್ಲ. ಆದ್ರೆ ಹೆಸರು ಹೇಳಿ."

"ಹೇಳಿದ್ರೆ ಏನು ಪ್ರಯೋಜನ?" ಎಂದರು ಹೆಗಡೆ. "ನೀವು ಹೋಗಿ ಕೇಳೋಕಾಗಲ್ಲ ಅವ್ರನ್ನ."

"ಅಷ್ಟು ದೊಡ್ಡವ್ರಾ?"

ಹೆಗಡೆಯವರು ತಲೆ ಅಲ್ಲಾಡಿಸಿದರು. ಕಪಾಟಿನ ಕೆಳಗಿನ ಅರೆಯಿಂದ ಇನ್ನೊಂದು ತೆಳು ಪುಸ್ತಕ ತೆಗೆದರು. ಪ್ರಮಾಣಪತ್ರ ಕೊಟ್ಟದ್ದಕ್ಕೆ ಸಹಿ ಪಡೆಯುವ ಪುಸ್ತಕ. ನವೆಂಬರ್ ನಾಲ್ಕರ ಸಾಲನ್ನು ತೆರೆದು ಯಮುನಮ್ಮನ ಕಡೆ ತಳ್ಳಿದರು.

ಹೊಸ ಜನ್ಮದಿನಾಂಕದ ಪ್ರಮಾಣಪತ್ರ, ಭವ್ಯಾ, ಪಡೆದುಕೊಂಡವರು. ಮುಂದಿನ ಸಹಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ವಸತಿಗೃಹದ ಲೆಡ್ಜರಿನಲ್ಲಿ, ಮಹಜರಿಗೆ ಲಗತ್ತಿಸಿದ ಹಾಳೆಗಳಲ್ಲಿ, ಯಮುನಮ್ಮ ಆ ಸಹಿಯನ್ನು ಹತ್ತಾರು ಸಲ ನೋಡಿದ್ದರು. ಕೊನೆಯ ಒತ್ತಕ್ಷರದ ಬಾಲವನ್ನು ಹೆಸರಿನ ಅಡಿಗೆಲ್ಲ ಎಳೆದು ಗೆರೆ ಹಾಕುವ ಅದೇ ಕೈ.

ಮಂಜುನಾಥಪ್ಪ.

ಸತ್ತವನೇ ಬಂದು ಸಹಿ ಹಾಕಿ ಹೋಗಿದ್ದ.

"ಶಾಲೆ ಚಾವಣಿ ಮಾಡಿಸ್ಕೊಟ್ಟೋರು," ಎಂದರು ಹೆಗಡೆ ಯಾರಿಗೋ ಹೇಳುವಂತೆ. "ಇಲ್ಲ ಅನ್ನೋಕಾಗ್ಲಿಲ್ಲ."

ಯಮುನಮ್ಮನಿಗೆ ಆ ಮಾತು ಕೇಳಿಸಲಿಲ್ಲ. ಸುಳ್ಳು ಆದೇಶ ಮಾಡಿಸಿ, ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ವಯಸ್ಸು ಇಳಿಸಿ, ಮೂರೇ ವರ್ಷ ಎಂದು ಅವಳ ತಲೆಗೆ ತುಂಬಿದವನು ಅವನು. ಒಂದು ಸಾವು ಆಗಲಿದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಹೊರಲು ಹೆಗಲು ಸಿದ್ಧ ಮಾಡಿಟ್ಟಿದ್ದ. ಆದರೆ ಆ ಸಾವು ತನ್ನದೆಂದು ತಿಳಿದು ಯಾರೂ ಹೀಗೆ ಮಾಡುವುದಿಲ್ಲ.

ಹಾಗಾದರೆ ಆ ದಿನ ಆ ವಸತಿಗೃಹದಲ್ಲಿ ಸಾಯಬೇಕಾಗಿದ್ದವರು ಯಾರು?

ಆಕೆ ಎದ್ದು ಜಗುಲಿಗೆ ಬಂದರು. ಬಿಸಿಲು ಚುರುಕಾಗಿತ್ತು. ನವ್ಯಾಳಿಗೆ ಕರೆ ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಸಹಿ ಯಾರದೆಂದು ಹೇಳಿ, ಸಾಯಬೇಕಾಗಿದ್ದವರು ಯಾರಿರಬಹುದು ಎಂದು ಕೇಳಿದರು.

"ರಾಜೇಂದ್ರ," ಎಂದಳು ನವ್ಯಾ. "ಆ ಲಾಡ್ಜಿನ ಅರ್ಧ ಅವನ ಹೆಸರಲ್ಲಿದೆ. ಅಣ್ಣ ತಮ್ಮ ಮಾತು ಬಿಟ್ಟು ವರ್ಷ ಆಗಿತ್ತು. ಅವತ್ತು ಸಂಜೆ ಮಾತಾಡೋಕೆ ಅಂತ ಅಣ್ಣನೇ ಕರೆಸಿದ್ದ, ಕಾರು ಪಂಚರ್ ಆಗಿ ದಾರೀಲಿ ಮೇಗರವಳ್ಳಿಯಲ್ಲೇ ಉಳಿದೆ, ತೀರ್ಥಹಳ್ಳಿ ತಲುಪಲಿಲ್ಲ ಅಂತ ಅವನು ಹೇಳಿಕೆ ಕೊಟ್ಟಿದಾನೆ."

"ಪಂಚರ್ ಹಾಕಿದೋನನ್ನ ಯಾರಾದ್ರೂ ಕೇಳಿದಾರಾ?"

"ಇಲ್ಲ. ಹುಡುಗಿ ಒಪ್ಕೊಂಡಿದ್ಲಲ್ಲ. ಯಾರಿಗೆ ಬೇಕಿತ್ತು?"

"ನಾಳೆ ಏನು ಮಾಡೋದು ನವ್ಯಾ? ಪುಸ್ತಕ ಹೋಗ್ದೆ ಇರೋ ಹಾಗಿಲ್ಲ."

"ಹೋಗ್ಲೇಬೇಕು. ಮಂಡಳಿ ಕೇಳಿದೆ, ಹೆಗಡೆಯವ್ರೇ ತರ್ಬೇಕು. ನಾವು ಮುಚ್ಚೋಕೂ ಆಗಲ್ಲ, ಮುಂದಾಗಿ ಹೋಗಿ ಅವಳ ವಿರುದ್ಧ ಹೇಳೋಕೂ ಆಗಲ್ಲ. ನಾನು ಅವಳ ವಕೀಲೆ ಅಕ್ಕ. ಮೊದ್ಲು ಅವಳಿಗೆ ಹೇಳ್ಬೇಕು. ಅವಳಿಗೆ ಏನು ಗೊತ್ತು, ಏನು ಬೇಕು, ಅದನ್ನ ಅವಳ ಬಾಯಿಂದ ಕೇಳ್ದೆ ನಾವು ಒಂದು ಹೆಜ್ಜೆ ಇಡೋ ಹಾಗಿಲ್ಲ. ಇಷ್ಟು ದಿನ ಎಲ್ಲರೂ ಅವಳ ಪರವಾಗಿ ತಾವೇ ತೀರ್ಮಾನ ಮಾಡಿದ್ದು ಸಾಕು."

ಆ ಮಾತು ತಮ್ಮನ್ನೂ ಸೇರಿಸಿ ಆಡಿದ್ದು ಎಂದು ಯಮುನಮ್ಮನಿಗೆ ಅರ್ಥವಾಯಿತು. ಹುಡುಗಿ ಮುಗ್ಧೆ ಎಂದು ತೀರ್ಮಾನಿಸಿದ್ದರೇ ಹೊರತು, ಅವಳು ಯಾರ ಮಾತಿಗೆ ಕಟ್ಟುಬಿದ್ದಿದ್ದಾಳೆ ಎಂದು ಕೇಳಿರಲಿಲ್ಲ. ಮಾತು ಕೊಟ್ಟವನು ಸತ್ತ ಮೇಲೂ ಅವಳು ಅದನ್ನೇ ಯಾಕೆ ಪಾಲಿಸುತ್ತಿದ್ದಾಳೆ? ಈಗ ಅವಳು ಕಾಯುತ್ತಿರುವುದು ಯಾರನ್ನು?

"ವೀಕ್ಷಣಾಲಯಕ್ಕೆ ಫೋನ್ ಮಾಡಿ, ನಾವು ಇವತ್ತೇ ಬರ್ತೀವಿ ಅಂತ ಹೇಳಿ," ಎಂದಳು ನವ್ಯಾ. "ನಾನು ಕಾರು ತಗೊಂಡು ಹೊರಡ್ತೀನಿ. ಹೊಸನಗರ ಬಸ್‌ಸ್ಟ್ಯಾಂಡಲ್ಲಿ ನಿಂತಿರಿ."

ಯಮುನಮ್ಮ ಒಳಗೆ ಹೋಗಿ ಆದೇಶದ ಪ್ರತಿಯ ಮೇಲೆ ಹೆಗಡೆಯವರಿಂದ ಸ್ವೀಕೃತಿ ಬರೆಸಿಕೊಂಡರು. ಗಂಟೆಯನ್ನೂ ಬರೆಸಿದರು, ಎರಡು ಇಪ್ಪತ್ತು. ಎರಡೂ ಪುಸ್ತಕಗಳ ಆ ಪುಟಗಳ ಚಿತ್ರ ತೆಗೆದರು. "ನಾಳೆ ಬರ್ತೀರಿ ತಾನೇ?" ಎಂದು ಕೇಳಿದಾಗ ಹೆಗಡೆಯವರು ತಲೆಯಾಡಿಸಿದರು. ಮುಖದಲ್ಲಿ ಅರ್ಧ ಭಾರ ಇಳಿದಂತಿತ್ತು.

ಶಾಲೆಯ ಗೇಟಿನ ಹತ್ತಿರ ನಿಂತು ವೀಕ್ಷಣಾಲಯದ ನಂಬರಿಗೆ ಕರೆ ಮಾಡಿದರು. ಎತ್ತಿದ್ದು ಗುರುತಿಲ್ಲದ ದನಿ.

"ನಾನು ಗಂಗಾ ಅಂತ ಮೇಡಂ, ಸೋಮವಾರದಿಂದ ಡ್ಯೂಟಿಗೆ ಬಂದಿದೀನಿ. ಸೂಪರಿಂಟೆಂಡೆಂಟ್ ಮೇಡಂ ರಜೆ ಮೇಲಿದಾರೆ. ಹೇಳಿ."

"ಭವ್ಯಾ ಅಂತ ಒಂದು ಹುಡುಗಿ ಇದಾಳಲ್ಲ, ತೀರ್ಥಹಳ್ಳಿ ಕೇಸಿಂದು. ಅವಳ ವಕೀಲರು ಇವತ್ತು ಸಂಜೆ ಬಂದು ಮಾತಾಡ್ತಾರೆ."

"ಅವಳು ಇಲ್ಲ ಮೇಡಂ. ಮೂಳೆ ಪರೀಕ್ಷೆಗೆ ಆಸ್ಪತ್ರೆಗೆ ಕರ್ಕೊಂಡು ಹೋದ್ರಲ್ಲ."

ಯಮುನಮ್ಮ ಗೇಟಿನ ಸರಳು ಹಿಡಿದುಕೊಂಡರು. ಬೇರೆ ಯಾವ ದಾಖಲೆಯೂ ಸಿಗದಾಗ ಮಾತ್ರ, ವಯಸ್ಸು ಅಂದಾಜು ಮಾಡಲು, ಮೂಳೆ ಪರೀಕ್ಷೆ. ಪುಸ್ತಕವನ್ನು ಮಂಡಳಿ ನೋಡುವುದೇ ನಾಳೆ. ಅದಕ್ಕೆ ಮೊದಲು ಅಂಥ ಆದೇಶ ಆಗಿರಲು ಸಾಧ್ಯವಿರಲಿಲ್ಲ.

"ಯಾರ ಆದೇಶದ ಮೇಲೆ ಕಳ್ಸಿದ್ರಿ?"

"ಬೋರ್ಡಿನ ಆದೇಶ ಇತ್ತು ಮೇಡಂ. ಸೀಲು, ಸಹಿ ಎಲ್ಲ ಇದೆ. ಒರಿಜಿನಲ್ ಫೈಲಿಗೆ ಹಾಕಿದೀನಿ."

ಮಂಜುನಾಥಪ್ಪ ಸತ್ತಿದ್ದ. ಅವನಿಗೆ ಮೊಹರು ಮಾಡಿಕೊಟ್ಟ ಕೈ ಬದುಕಿತ್ತು.

"ಎಷ್ಟು ಹೊತ್ತಾಯ್ತು?"

"ಹನ್ನೆರಡೂವರೆಗೆ ಹೋದ್ರು. ಯಾಕೆ ಮೇಡಂ, ಏನಾದ್ರೂ ತೊಂದ್ರೆನಾ?" ಗಂಗಾಳ ದನಿಯಲ್ಲಿ ಮೊದಲ ಬಾರಿಗೆ ಅಳುಕು ಕೇಳಿಸಿತು. "ಹುಡುಗಿ ತಾನಾಗೇ ಹೋದ್ಲು. ನೋಡಿದ ಕೂಡ್ಲೆ ಗುರುತು ಹಿಡಿದು ಕೈ ಹಿಡ್ಕೊಂಡ್ಲು. ಅದಕ್ಕೇ ನಾನು ಜಾಸ್ತಿ ಕೇಳ್ಲಿಲ್ಲ."

"ಯಾರ ಕೈ ಹಿಡ್ಕೊಂಡ್ಲು? ಬಂದೋರು ಯಾರು?"

"ಒಬ್ರು ಹೆಂಗಸು. ಪುಸ್ತಕದಲ್ಲಿ ಸಹಿ ಮಾಡಿದಾರೆ, ನೋಡ್ತೀನಿ ಇರಿ."

ಹಾಳೆ ಮಗುಚುವ ಸದ್ದು ಕೇಳಿಸಿತು.

"ಸಾಗರ ಕಾನೂನು ಸೇವಾ ಸಮಿತಿ, ಸ್ವಯಂಸೇವಕಿ," ಎಂದು ಗಂಗಾ ಒಂದೊಂದೇ ಪದ ಬಿಡಿಸಿ ಓದಿದಳು. "ಹೆಸರು ಯಮುನಮ್ಮ. ಐಡಿ ಕಾರ್ಡೂ ತೋರಿಸಿದ್ರು ಮೇಡಂ. ನೀವು ಯಾರು ಮಾತಾಡ್ತಿರೋದು?"